ಪ್ರೋಗ್ರಾಮೆಬಲ್ ಕ್ಯಾಲ್ಕುಲೇಟರ್‌ನಲ್ಲಿ ಬಗ್ ಹುಡುಕುವುದು: ಪದೇ ಪದೇ ಕೇಳುವ ಪ್ರಶ್ನೆಗಳು

ಹಗಲು ಹೊತ್ತು ಬೆಂಗಳೂರಿನ ಒಂದು ಕಂಪನಿಯಲ್ಲಿ ಸಾಫ್ಟ್‌ವೇರ್ ಟೆಸ್ಟಿಂಗ್ ನನ್ನ ಕೆಲಸ. ರಾತ್ರಿ ಊಟ ಆದ ಮೇಲೆ ಹಳೇ ಪ್ರೋಗ್ರಾಮೆಬಲ್ ಕ್ಯಾಲ್ಕುಲೇಟರ್‌ಗಳನ್ನು (ಒತ್ತಬೇಕಾದ ಕೀಗಳ ಸಾಲನ್ನು ಪ್ರೋಗ್ರಾಂ ಆಗಿ ಉಳಿಸಿಟ್ಟುಕೊಳ್ಳುವಂಥವು) ಮೇಜಿನ ಮೇಲೆ ಹರಡಿಕೊಂಡು ಕೂರುತ್ತೇನೆ. ಅವುಗಳ ಲೆಕ್ಕ ಸರಿ ಇದೆಯಾ, ಅವುಗಳಿಗೆ ನಾವು ಬರೆದ ಪ್ರೋಗ್ರಾಂ ಸರಿ ಇದೆಯಾ ಅಂತ ನೋಡಿ ಬಗ್, ಅಂದರೆ ತಪ್ಪು, ಹುಡುಕುವುದು ನನ್ನ ಹುಚ್ಚು. ಗೆಳೆಯರು, ನೆಂಟರು, ಆಫೀಸಿನ ಹುಡುಗರು ಕೇಳಿದ್ದನ್ನೇ ಕೇಳುತ್ತಾರೆ. ಪ್ರತಿ ಸಲ ಬಾಯಲ್ಲಿ ಹೇಳುವ ಬದಲು ಒಂದೇ ಸಲ ಬರೆದಿಟ್ಟಿದ್ದೇನೆ.

ಫೋನ್ ಇರುವಾಗ ಇದನ್ನೆಲ್ಲ ಯಾರು ಬಳಸುತ್ತಾರೆ?

ಬಿಸಿಲಲ್ಲಿ ನಿಂತು ಸೈಟ್ ಅಳೆಯುವವರು, ಬಡ್ಡಿ ಲೆಕ್ಕ ಮಾಡುವವರು, ನನ್ನಂಥ ಹುಚ್ಚರು. ಎಚ್‌ಪಿ ಕಂಪನಿಯ ಬಡ್ಡಿ ಲೆಕ್ಕದ ಯಂತ್ರ ಎಚ್‌ಪಿ-12ಸಿ ಬಂದಿದ್ದು 1981ರಲ್ಲಿ. ಇವತ್ತಿಗೂ ಹೊಸದು ಸಿಗುತ್ತದೆ. ಬಟನ್ ಒತ್ತಿದರೆ ಬೆರಳಿಗೆ ಗೊತ್ತಾಗುತ್ತದೆ, ನಡುವೆ ಯಾರೂ ಫೋನ್ ಮಾಡುವುದಿಲ್ಲ. ಇಷ್ಟು ಸಾಕಲ್ವಾ?

ಕ್ಯಾಲ್ಕುಲೇಟರ್ ನಿಜಕ್ಕೂ ತಪ್ಪು ಲೆಕ್ಕ ಹೇಳುತ್ತದಾ?

ಹೇಳುತ್ತದೆ. ಜೇಬಿಗೆ ಹಿಡಿಸುವ ಮೊದಲ ಸೈಂಟಿಫಿಕ್ ಕ್ಯಾಲ್ಕುಲೇಟರ್ ಎಚ್‌ಪಿ-35. 1972ರಲ್ಲಿ ಬಂತು, ಆಗಿನ ಬೆಲೆ 395 ಡಾಲರ್. ಮೊದಮೊದಲು ಮಾರಿದ ಯಂತ್ರಗಳಲ್ಲಿ 2.02 ಒತ್ತಿ, ಅದರ ಸಹಜ ಲಾಗ್ ತೆಗೆದು, ತಿರುಗಿ ಅದರ ಉಲ್ಟಾ ಲೆಕ್ಕವಾದ ಇ-ಘಾತದ ಕೀ ಒತ್ತಿದರೆ 2.02 ಬರಬೇಕಿತ್ತು. ಬರುತ್ತಿದ್ದದ್ದು ಬರೀ 2. ಹೋದ ದಾರಿಯಲ್ಲೇ ವಾಪಸ್ ಬಂದರೂ ಮನೆ ಸಿಗಲಿಲ್ಲ ಅಂದಹಾಗೆ.

ಗೊತ್ತಾಗುವ ಹೊತ್ತಿಗೆ ಸುಮಾರು 25,000 ಯಂತ್ರಗಳು ಮಾರಾಟವಾಗಿದ್ದವು. ಕಂಪನಿ ಮುಚ್ಚಿಡಲಿಲ್ಲ. ಕೊಂಡವರಿಗೆ ವಿಷಯ ತಿಳಿಸಿ, ಬದಲಾಯಿಸಿಕೊಡುತ್ತೇವೆ ಎಂದಿತು. ಆಗಿನ ಪ್ರೋಗ್ರಾಂ ಚಿಪ್ಪಿನೊಳಗೆ ಅಚ್ಚಾಗಿರುತ್ತಿತ್ತು. ಅಪ್‌ಡೇಟ್ ಅನ್ನುವ ಮಾತೇ ಇರಲಿಲ್ಲ. ನಾವು ಸಂಜೆ ಆರಕ್ಕೆ ರಿಲೀಸ್ ಮಾಡಿ ರಾತ್ರಿ ಎಂಟಕ್ಕೆ ಪ್ಯಾಚ್ ಹಾಕುವ ಜನ. ಈ ಕಥೆ ಕೇಳಿದರೆ ನಮಗೆ ಸ್ವಲ್ಪ ನಾಚಿಕೆ ಆಗಬೇಕು.

ನನ್ನ ಕ್ಯಾಲ್ಕುಲೇಟರ್‌ನಲ್ಲಿ 1 ಭಾಗ 3, ಗುಣಿಸು 3 ಅಂದರೆ 0.9999999999 ಬರುತ್ತದೆ. ಇದು ಬಗ್ಗಾ?

ಅಲ್ಲ. ನನಗೆ ಅತಿ ಹೆಚ್ಚು ಸಲ ಬರುವ ದೂರು ಇದೇ.

ಹತ್ತು ಅಂಕೆಯ ಯಂತ್ರ 1 ಭಾಗ 3ನ್ನು 0.3333333333 ಎಂದು ಇಟ್ಟುಕೊಳ್ಳುತ್ತದೆ. ಅದನ್ನು ಮೂರರಿಂದ ಗುಣಿಸಿದರೆ ಕಾಗದದ ಮೇಲೂ 0.9999999999 ತಾನೇ? ಎಚ್‌ಪಿ-15ಸಿ ಇದನ್ನೇ ತೋರಿಸುತ್ತದೆ. ಕೆಲವು ಯಂತ್ರಗಳು ಒಳಗೆ ಮೂರು-ನಾಲ್ಕು ಅಂಕೆ ಜಾಸ್ತಿ ಇಟ್ಟುಕೊಂಡು ಹೊರಗೆ ರೌಂಡ್ ಮಾಡಿ 1 ಎಂದು ತೋರಿಸುತ್ತವೆ. ನೋಡಲು ಚೆನ್ನಾಗಿರುತ್ತದೆ. ಆದರೆ ಪ್ರೋಗ್ರಾಂ ಒಳಗೆ ‘ಇದು 1ಕ್ಕೆ ಸಮವೇ?’ ಎಂದು ಕೇಳಿದರೆ ಇಲ್ಲ ಅನ್ನಬಹುದು. ಕಣ್ಣಿಗೆ 1 ಕಾಣುತ್ತಿದ್ದರೂ, 1 ಬರುವವರೆಗೆ ಅದೇ ಸಾಲುಗಳನ್ನು ಸುತ್ತುವ ಲೂಪ್ ನಿಲ್ಲುವುದಿಲ್ಲ. ಮುಖ ನೋಡಿ ಮೋಸ ಹೋಗುವುದು ಅಂದರೆ ಇದು.

ನಮ್ಮ ಆಫೀಸಿನ ಹುಡುಗರು ಇಲ್ಲಿ ಇನ್ನೊಂದು ಕಡೆಯಿಂದ ಎಡವುತ್ತಾರೆ. ಪೈಥಾನ್ ಎಂಬ ಕಂಪ್ಯೂಟರ್ ಭಾಷೆಯಲ್ಲಿ 0.1ನ್ನು ಹತ್ತು ಸಲ ಕೂಡಿದರೆ ಸರಿಯಾಗಿ 1 ಬರುವುದಿಲ್ಲ, ಏಕೆಂದರೆ ಕಂಪ್ಯೂಟರಿನ ಲೆಕ್ಕ ಎರಡರ ಘಾತದಲ್ಲಿ ನಡೆಯುತ್ತದೆ. ಕೈಯಲ್ಲಿ ಹಿಡಿಯುವ ಕ್ಯಾಲ್ಕುಲೇಟರ್‌ಗಳು ಹೆಚ್ಚಾಗಿ ನಮ್ಮ ಹಾಗೆ ಹತ್ತರಲ್ಲೇ ಎಣಿಸುತ್ತವೆ. 0.1 ಹತ್ತು ಸಲ ಕೂಡಿಸಿ, ಪಕ್ಕಾ 1 ಬರುತ್ತದೆ. ಹಾಗಾಗಿ ಕಂಪ್ಯೂಟರಿನ ಉತ್ತರವನ್ನೇ ಕಣ್ಣುಮುಚ್ಚಿ ಸರಿ ಅಂತ ಇಟ್ಟುಕೊಂಡು ಕ್ಯಾಲ್ಕುಲೇಟರನ್ನು ಬೈಯಬೇಡಿ.

ರೇಡಿಯನ್ ಮೋಡ್‌ನಲ್ಲಿ (180 ಡಿಗ್ರಿಯನ್ನು ಪೈ ಎಂದು ಅಳೆಯುವ ಮೋಡ್) ಪೈನ ಸೈನ್ ಸೊನ್ನೆ ಬರಬೇಕು. ನನಗೆ ಏನೋ ವಿಚಿತ್ರ ಸಂಖ್ಯೆ ಬಂತು.

ಆ ವಿಚಿತ್ರ ಸಂಖ್ಯೆ ಬಂದರೆ ಖುಷಿಪಡಿ, ಒಳ್ಳೆ ಯಂತ್ರ ಸಿಕ್ಕಿದೆ.

ಪೈ ಕೀ ಒತ್ತಿದಾಗ ಹತ್ತು ಅಂಕೆಯ ಯಂತ್ರಕ್ಕೆ ಸಿಗುವುದು 3.141592654. ಅದು ಪೈ ಅಲ್ಲ, ಪೈಗಿಂತ ಒಂಚೂರು ದೊಡ್ಡದು. ಆ ಸಂಖ್ಯೆಯ ನಿಜವಾದ ಸೈನ್ ಮೈನಸ್ 0.00000000041. ಎಚ್‌ಪಿ-15ಸಿ ಸರಿಯಾಗಿ ಇದನ್ನೇ ಕೊಡುತ್ತದೆ. ಸೊನ್ನೆ ತೋರಿಸುವ ಯಂತ್ರ ನಿಮಗೆ ಬೇಜಾರಾಗಬಾರದು ಅಂತ ಸುಳ್ಳು ಹೇಳುತ್ತಿದೆ, ಅಷ್ಟೇ. ಶಾಲೆಗೆ ಆ ಸುಳ್ಳು ಪರವಾಗಿಲ್ಲ. ಟೆಸ್ಟಿಂಗ್‌ಗೆ ಆಗಿಬರುವುದಿಲ್ಲ.

ಒಂದೇ ಲೆಕ್ಕಕ್ಕೆ ಎರಡು ಕ್ಯಾಲ್ಕುಲೇಟರ್ ಎರಡು ಉತ್ತರ ಕೊಟ್ಟರೆ ಒಂದಾದರೂ ತಪ್ಪಲ್ವಾ?

ಯಾವಾಗಲೂ ಅಲ್ಲ. 6 ಭಾಗಿಸು 2(2+1) ಅಂತ ಒತ್ತಿ ನೋಡಿ. ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಕಂಪನಿಯ ಟಿಐ-82ರಲ್ಲಿ 1 ಬರುತ್ತದೆ, ಟಿಐ-83ರಲ್ಲಿ 9. ಒಂದೇ ಕಂಪನಿಯ ಅಣ್ಣ-ತಮ್ಮ. ಗುಣಾಕಾರದ ಚಿಹ್ನೆ ಇಲ್ಲದೆ ಅಂಟಿಕೊಂಡಿರುವ ಸಂಖ್ಯೆಗೆ ಹಳೆಯದು ಮೊದಲ ಮರ್ಯಾದೆ ಕೊಡುತ್ತದೆ, ಹೊಸದು ಎಡದಿಂದ ಬಲಕ್ಕೆ ಸಾಲಾಗಿ ಹೋಗುತ್ತದೆ. ಇದು ನಿಯಮದ ವ್ಯತ್ಯಾಸ, ಬಗ್ ಅಲ್ಲ. ಬ್ರಾಕೆಟ್ ಹಾಕಿಬಿಟ್ಟರೆ ಜಗಳವೇ ಇಲ್ಲ.

ಎಚ್‌ಪಿ-12ಸಿ ಬಗ್ಗೆ ಇನ್ನೊಂದು ದೂರು. ಒಂದು ಲಕ್ಷ ಸಾಲ, ತಿಂಗಳಿಗೆ ಶೇಕಡ 1 ಬಡ್ಡಿ, ಕಂತು 5,000 ರೂಪಾಯಿ. ಎಷ್ಟು ಕಂತು ಕಟ್ಟಬೇಕು? ಸೂತ್ರದ ಪ್ರಕಾರ 22.43. 12ಸಿ ಹೇಳುವುದು 23. ‘ಯಂತ್ರ ಕೆಟ್ಟಿದೆ’ ಅಂತ ಒಬ್ಬರು ಫೋನ್ ಮಾಡಿದ್ದರು. ಕೆಟ್ಟಿಲ್ಲ ಸಾರ್. ಕಂತಿನ ಎಣಿಕೆಯನ್ನು ಅದು ಮೇಲಿನ ಪೂರ್ಣಾಂಕಕ್ಕೆ ಏರಿಸುತ್ತದೆ. 22 ಕಟ್ಟಿ ಮೇಲೆ ಸ್ವಲ್ಪ ಉಳಿದರೆ ಇಪ್ಪತ್ಮೂರನೇ ಸಲ ಬ್ಯಾಂಕಿಗೆ ಹೋಗಲೇಬೇಕಲ್ಲ. ಆದರೆ ಆ 23ನ್ನು ಎತ್ತಿಕೊಂಡು ನಿಮ್ಮ ಪ್ರೋಗ್ರಾಂ ಮುಂದಿನ ಲೆಕ್ಕ ಮಾಡಿದರೆ ಅಲ್ಲಿ ಬಗ್ ಹುಟ್ಟುತ್ತದೆ. ಅದು ನಿಮ್ಮದು.

ಹಾಗಾದರೆ ತಪ್ಪು ನನ್ನ ಪ್ರೋಗ್ರಾಂನದ್ದೋ ಯಂತ್ರದ್ದೋ ಅಂತ ಗೊತ್ತಾಗುವುದು ಹೇಗೆ?

ಮೊದಲು ನಿಮ್ಮದೇ ಅಂದುಕೊಳ್ಳಿ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ನನ್ನ ಲೆಕ್ಕದಲ್ಲಿ ಹತ್ತು ದೂರು ಬಂದರೆ ಒಂಬತ್ತು ನೆಲದ್ದಲ್ಲ.

ನನ್ನದೇ ಕಥೆ ಹೇಳುತ್ತೇನೆ. ನಮ್ಮ ಚಿಕ್ಕಪ್ಪನ ಮಗ ಸರ್ವೇ ಕೆಲಸ ಮಾಡುತ್ತಾನೆ. ಡಿಗ್ರಿಯ ದಶಮಾಂಶವನ್ನು ಡಿಗ್ರಿ-ನಿಮಿಷ-ಸೆಕೆಂಡ್‌ಗೆ ಬದಲಾಯಿಸುವ ಒಂದು ಸಣ್ಣ ಪ್ರೋಗ್ರಾಂ ಬರೆದುಕೊಟ್ಟಿದ್ದೆ. ಒಂದು ಮಧ್ಯಾಹ್ನ ಕನಕಪುರ ರಸ್ತೆ ಕಡೆಯಿಂದ ಫೋನ್. ‘ಅಣ್ಣಾ, ಸೆಕೆಂಡು ಅರವತ್ತು ಅಂತ ತೋರಿಸ್ತಿದೆ. ಅರವತ್ತು ಸೆಕೆಂಡ್ ಅಂದ್ರೆ ಒಂದು ನಿಮಿಷ ಆಗ್ಬೇಕಲ್ವಾ?’

ಅವನು ಕೊಟ್ಟಿದ್ದು 12.999999 ಡಿಗ್ರಿ. ನನ್ನ ಪ್ರೋಗ್ರಾಂ 12 ಡಿಗ್ರಿ ಎತ್ತಿಟ್ಟಿತು. ಉಳಿದದ್ದನ್ನು 60ರಿಂದ ಗುಣಿಸಿತು, 59.99994. ಅದರಲ್ಲಿ 59 ನಿಮಿಷ ಎತ್ತಿಟ್ಟಿತು. ಮತ್ತೆ 60ರಿಂದ ಗುಣಿಸಿದರೆ 59.9964 ಸೆಕೆಂಡ್. ಅದನ್ನು ರೌಂಡ್ ಮಾಡಿ 60 ಎಂದು ಬರೆಯಿತು. ಅಲ್ಲಿಗೆ 12 ಡಿಗ್ರಿ 59 ನಿಮಿಷ 60 ಸೆಕೆಂಡ್! ನಾನು ಟೆಸ್ಟ್ ಮಾಡುವಾಗ 12.5, 12.25, 77.6 ಅಂತ ಸಾಧು ಸಂಖ್ಯೆಗಳನ್ನೇ ಕೊಟ್ಟಿದ್ದೆ. ಎಲ್ಲವೂ ಪಾಸ್. ಹೊಟ್ಟೆಪಾಡಿಗೆ ಟೆಸ್ಟಿಂಗ್ ಮಾಡುವವನ ಹಣೆಬರಹ ನೋಡಿ.

ಸರಿಪಡಿಸಿದ್ದು ಹೀಗೆ. ಮೊದಲು ಪೂರಾ 3600ರಿಂದ ಗುಣಿಸಿ ಒಟ್ಟು ಸೆಕೆಂಡ್ ಮಾಡಿದೆ, 46799.9964. ಅದನ್ನು ಒಂದೇ ಸಲ ರೌಂಡ್ ಮಾಡಿದರೆ 46800. ಆಮೇಲೆ ಒಡೆದರೆ 13 ಡಿಗ್ರಿ 0 ನಿಮಿಷ 0 ಸೆಕೆಂಡ್. ರೌಂಡ್ ಮಾಡಿದ ಮೇಲೆ ಒಡೆಯಬೇಕು. ಒಡೆದ ಮೇಲೆ ರೌಂಡ್ ಮಾಡಬಾರದು.

ಸೂತ್ರ ಸರಿ ಇದ್ದು, ಯಂತ್ರವೂ ಸರಿ ಇದ್ದು, ಉತ್ತರ ಮಾತ್ರ ತಪ್ಪಾಗಬಹುದಾ?

ಆಗಬಹುದು. ನನಗೆ ತುಂಬ ಇಷ್ಟವಾದ ಪ್ರಶ್ನೆ ಇದು. ಕ್ಯಾಲ್ಕುಲೇಟರ್‌ಗಳ ಒಳಗಿನ ಲೆಕ್ಕವನ್ನು ತಿದ್ದಿದ ಗಣಿತಜ್ಞ ವಿಲಿಯಂ ಕಹಾನ್ ಕೊಟ್ಟ ಒಂದು ಹಳೇ ಲೆಕ್ಕವಿದೆ. ಅವರದ್ದು ಸೆಂಟಿನಲ್ಲಿ, ನಾನು ಪೈಸೆಗೆ ತಂದಿದ್ದೇನೆ.

ಒಂದು ವರ್ಷ ಪೂರ್ತಿ, ಸೆಕೆಂಡಿಗೆ ಒಂದು ಪೈಸೆಯಂತೆ ಹುಂಡಿಗೆ ಹಾಕುತ್ತೀರಿ. ವರ್ಷಕ್ಕೆ ಶೇಕಡ 10 ಬಡ್ಡಿ, ಅದೂ ಸೆಕೆಂಡಿಗೊಮ್ಮೆ ಚಕ್ರಬಡ್ಡಿ. ವರ್ಷದಲ್ಲಿ 3,15,36,000 ಸೆಕೆಂಡ್. ಕೊನೆಗೆ ಎಷ್ಟಾಯಿತು? ಸರಿಯಾದ ಉತ್ತರ 3,31,667 ರೂಪಾಯಿ 1 ಪೈಸೆ.

ಈಗ ಹತ್ತು ಅಂಕೆಯ ಯಂತ್ರದಲ್ಲಿ ಪುಸ್ತಕದ ಸೂತ್ರವನ್ನು ಹಾಗೇ ಒತ್ತಿ. ಒಂದು ಸೆಕೆಂಡಿನ ಬಡ್ಡಿದರ 0.00000000317. ಸೂತ್ರ ಇದಕ್ಕೆ 1 ಕೂಡಿಸು ಅನ್ನುತ್ತದೆ. ಕೂಡಿಸಿದರೆ 1.00000000317 ಆಗಬೇಕು, ಆದರೆ ಹತ್ತು ಅಂಕೆಯಲ್ಲಿ ಹಿಡಿಸುವುದು 1.000000003 ಅಷ್ಟೇ. ಬಾಲದ 17 ಉದುರಿ ಹೋಯಿತು. ಆ ಸಣ್ಣ ತಪ್ಪನ್ನು ಮೂರು ಕೋಟಿ ಸಲ ಗುಣಿಸಿದ ಮೇಲೆ ಬರುವ ಉತ್ತರ ಸುಮಾರು 3,12,925 ರೂಪಾಯಿ. ಹದಿನೆಂಟು ಸಾವಿರ ರೂಪಾಯಿ ಮಾಯ! ಕೂಡುವುದು ಸರಿ, ಘಾತ ಸರಿ, ಭಾಗಾಕಾರ ಸರಿ. ಒಂದು ಕೀಯೂ ತಪ್ಪಿಲ್ಲ.

ಇದಕ್ಕಾಗಿಯೇ ಎಚ್‌ಪಿ-41ಸಿಯಲ್ಲಿ ‘1 ಕೂಡಿಸಿ ಲಾಗ್’ ಮತ್ತು ‘ಇ-ಘಾತದಿಂದ 1 ಕಳೆ’ ಎಂಬ ಎರಡು ಪ್ರತ್ಯೇಕ ಫಂಕ್ಷನ್ ಇಟ್ಟಿದ್ದಾರೆ. ಅವು 1ನ್ನು ನಿಜವಾಗಿ ಕೂಡದೆಯೇ ಲೆಕ್ಕ ಮಾಡುತ್ತವೆ, ಬಾಲ ಉದುರುವುದಿಲ್ಲ. ಇಷ್ಟು ದಿನ ‘ಇದು ಯಾಕಪ್ಪಾ ಇಲ್ಲಿದೆ’ ಅಂದುಕೊಂಡಿದ್ದವರಿಗೆ ಉತ್ತರ ಸಿಕ್ಕಿತಲ್ಲ. ಬಡ್ಡಿ ಪ್ರೋಗ್ರಾಂ ಯಾರು ಬರೆದುಕೊಟ್ಟರೂ ನಾನು ಮೊದಲು ಹಾಕುವ ಪರೀಕ್ಷೆ ಈ ಪೈಸೆ ಲೆಕ್ಕ.

ಹೊಸ ಯಂತ್ರ ಕೈಗೆ ಬಂದರೆ ಮೊದಲು ಏನು ಮಾಡುತ್ತೀರಿ?

30ರ ಸೈನ್. 0.5 ಬಂದರೆ ಡಿಗ್ರಿ ಮೋಡ್. ಮೈನಸ್ 0.988 ಬಂದರೆ ರೇಡಿಯನ್. 0.454 ಬಂದರೆ ಗ್ರೇಡ್, ಯಾರೂ ಬಳಸದ ಆದರೆ ಕೈತಪ್ಪಿ ಒತ್ತಿಹೋಗುವ ಮೋಡ್. ಅರ್ಧಕ್ಕರ್ಧ ಬಗ್‌ಗಳು ಇಲ್ಲೇ ಮುಗಿದುಹೋಗುತ್ತವೆ.

ಆಮೇಲೆ ಅಂಚಿಗೆ ಹೋಗುತ್ತೇನೆ. ಸೊನ್ನೆಯ ಘಾತ ಸೊನ್ನೆ. 90 ಡಿಗ್ರಿಯ ಟ್ಯಾನ್. ಮೈನಸ್ ಸಂಖ್ಯೆಯ ವರ್ಗಮೂಲ. 69ರ ಫ್ಯಾಕ್ಟೋರಿಯಲ್ (1ರಿಂದ 69ರವರೆಗಿನ ಸಂಖ್ಯೆಗಳ ಗುಣಲಬ್ಧ) ಬರಬೇಕು, 70ರದ್ದು ಎರಡಂಕಿ ಘಾತದ, ಅಂದರೆ ಹತ್ತರ ಘಾತವನ್ನು 99ರವರೆಗೆ ಮಾತ್ರ ಹಿಡಿಯುವ ಯಂತ್ರದಲ್ಲಿ ಉಕ್ಕಿ ಹರಿಯಬೇಕು. ಉಕ್ಕಿದಾಗ ಎರರ್ ಕೊಡುತ್ತದಾ, ಸುಮ್ನೆ ದೊಡ್ಡ ಸಂಖ್ಯೆ ತೋರಿಸಿ ಮುಂದೆ ಹೋಗುತ್ತದಾ? ಎರಡನೆಯದಾದರೆ ನಿಮ್ಮ ಪ್ರೋಗ್ರಾಂ ಅದನ್ನು ಹಿಡಿಯಬೇಕು. 90 ಡಿಗ್ರಿಗೆ ತೀರಾ ಹತ್ತಿರದ ಕೋನಗಳನ್ನೂ ನೋಡಿ. 2007ರ ಎಚ್‌ಪಿ-35ಎಸ್‌ನಲ್ಲಿ ಅಂಥ ಕೋನಗಳ ಕೊಸೈನ್ ಕೊನೆಯ ಅಂಕೆಗಳಲ್ಲಿ ಕೆಡುತ್ತದೆ.

ದಿನಾಂಕದ ಪ್ರೋಗ್ರಾಂ ಇದ್ದರೆ ಮೂರು ಪ್ರಶ್ನೆ. 1900ರ ಫೆಬ್ರವರಿ 28ರಿಂದ ಮಾರ್ಚ್ 1ಕ್ಕೆ ಎಷ್ಟು ದಿನ? ಒಂದೇ. 1900 ಅಧಿಕ ವರ್ಷ ಅಲ್ಲ. 2000ದ ಫೆಬ್ರವರಿ 29 ಯಾವ ವಾರ? ಮಂಗಳವಾರ. 1947ರ ಆಗಸ್ಟ್ 15? ಶುಕ್ರವಾರ, ಇದು ನಮ್ಮ ಅಜ್ಜನಿಗೂ ಬಾಯಿಪಾಠ. 12ಸಿ ಒಳಗಿನ ಕ್ಯಾಲೆಂಡರ್ 1582ರ ಅಕ್ಟೋಬರ್ 15ರಿಂದ 4046ರ ನವೆಂಬರ್ 25ರವರೆಗೆ ಇದೆ. ಆಚೆ ಈಚೆ ಒಂದು ದಿನ ಕೊಟ್ಟು ಎರರ್ ಬರುತ್ತದಾ ಅಂತ ನೋಡುವುದು ನನ್ನ ಚಾಳಿ.

ಸರಿ ಉತ್ತರ ಎಲ್ಲಿಂದ ತರುವುದು ಅಂತೀರಾ? ಇನ್ನೊಂದು ಕ್ಯಾಲ್ಕುಲೇಟರ್‌ನಿಂದ ಬೇಡ. ಪೈಥಾನ್‌ನ ಎಂಪಿಮ್ಯಾಥ್ ಎಂಬ ಗಣಿತದ ಲೈಬ್ರರಿಯಲ್ಲಿ ಐವತ್ತು ಅಂಕೆ ಇಟ್ಟು ಲೆಕ್ಕ ಹಾಕಿ. ಒಂದು ಎಚ್ಚರಿಕೆ: 0.1 ಅಂತ ಹಾಗೇ ಕೊಡಬೇಡಿ, ಉದ್ಧರಣ ಚಿಹ್ನೆಯೊಳಗೆ ಕೊಡಿ. ಇಲ್ಲದಿದ್ದರೆ ಕಂಪ್ಯೂಟರಿನ ಎರಡರ ಘಾತದ ಕೊಳೆ ಅಲ್ಲಿಗೂ ಬರುತ್ತದೆ.

ಆ ‘ಒಂಬತ್ತರ ಪರೀಕ್ಷೆ’ ಅಂದರೆ ಏನು?

ಡಿಗ್ರಿ ಮೋಡ್‌ನಲ್ಲಿ 9 ಒತ್ತಿ. ಸೈನ್, ಕೊಸೈನ್, ಟ್ಯಾನ್. ಆಮೇಲೆ ತಿರುಗಿ ಆರ್ಕ್‌ಟ್ಯಾನ್, ಆರ್ಕ್‌ಕೊಸೈನ್, ಆರ್ಕ್‌ಸೈನ್. ಕೊನೆಗೆ 9 ಬರಬೇಕು. ಎಚ್‌ಪಿ-15ಸಿಯಲ್ಲಿ 9.000417403 ಬರುತ್ತದೆ. ಎಚ್‌ಪಿ-48ರಲ್ಲಿ 8.99999864267.

ಇದನ್ನು ನೋಡಿ ‘15ಸಿ ಕಳಪೆ’ ಅನ್ನುವವರಿದ್ದಾರೆ. ನನಗೆ ಅದು ಒಪ್ಪಿಗೆ ಇಲ್ಲ. 9ರ ಸೈನ್ 0.1564. ಅಷ್ಟು ಸಣ್ಣ ಕೋನದ ಕೊಸೈನ್ 0.9999962727. ಐದು ಒಂಬತ್ತು ದಂಡಕ್ಕೆ ಹೋದವು, ನಿಜವಾದ ಸುದ್ದಿ ಇರುವುದು ಉಳಿದ ಐದೇ ಅಂಕೆಯಲ್ಲಿ. ಐದು ಅಂಕೆಯ ಸುದ್ದಿಯಿಂದ ಹತ್ತು ಅಂಕೆಯ 9ನ್ನು ಯಾವ ದೇವರೂ ವಾಪಸ್ ತರಲಾರ. 48 ಹನ್ನೆರಡು ಅಂಕೆಯದ್ದು, ಅದಕ್ಕೇ ಹತ್ತಿರ ಬಂತು. ಹಾಗಾದರೆ ಈ ಪರೀಕ್ಷೆ ಯಾವುದಕ್ಕೆ? ಒಳಗಿನ ಚಿಪ್ ಯಾರ ವಂಶದ್ದು ಅಂತ ಪತ್ತೆ ಹಚ್ಚಲು. ಎರಡು ಬೇರೆ ಬ್ರ್ಯಾಂಡಿನ ಯಂತ್ರಗಳು ಕೊನೆಯ ಅಂಕೆವರೆಗೂ ಒಂದೇ ಉತ್ತರ ಕೊಟ್ಟರೆ, ಒಳಗಿನ ಲೆಕ್ಕದ ವಿಧಾನ ಒಂದೇ ಇರಬಹುದು ಅಂತ ಅನುಮಾನ ಪಡಬಹುದು. ಬೆರಳಚ್ಚಿನ ಹಾಗೆ.

ಫೋನಿನ ಎಮ್ಯುಲೇಟರ್‌ನಲ್ಲಿ ಟೆಸ್ಟ್ ಮಾಡಿದರೆ ಸಾಲದಾ?

ಎಮ್ಯುಲೇಟರ್ ಅಂದರೆ ಹಳೇ ಯಂತ್ರದ ಹಾಗೆ ನಟಿಸುವ ಸಾಫ್ಟ್‌ವೇರ್. ಪ್ರೋಗ್ರಾಂನ ತರ್ಕ ನೋಡಲು ಸಾಕು. ಅಂಕೆ ನೋಡಲು ಸಾಲದು. ಫ್ರೀ42 ನನಗೆ ಅಚ್ಚುಮೆಚ್ಚು, ಎಚ್‌ಪಿ-42ಎಸ್ ಥರವೇ ಓಡುತ್ತದೆ. ಆದರೆ ಅದರ ಡೆಸಿಮಲ್ ಆವೃತ್ತಿ 34 ಅಂಕೆ ಇಟ್ಟುಕೊಳ್ಳುತ್ತದೆ, ನಿಜವಾದ 42ಎಸ್ ಇಟ್ಟುಕೊಳ್ಳುವುದು 12. ಪೈಸೆ ಲೆಕ್ಕ ಅಲ್ಲಿ ಆರಾಮಾಗಿ ಪಾಸಾಗುತ್ತದೆ, ಯಂತ್ರದಲ್ಲಿ ಫೇಲಾಗುತ್ತದೆ. ಹಳೇ ಚಿಪ್ಪಿನ ಮೈಕ್ರೋಕೋಡನ್ನೇ, ಅಂದರೆ ಅದರಲ್ಲಿ ಅಚ್ಚಾಗಿದ್ದ ಮೂಲ ಪ್ರೋಗ್ರಾಂ ಅನ್ನೇ, ಓಡಿಸುವ ನಾನ್‌ಪರೇಲ್‌ನಂಥ ಎಮ್ಯುಲೇಟರ್‌ಗಳು ಬೇರೆ. ಅವುಗಳಲ್ಲಿ ಅಸಲಿ ಬಗ್‌ಗಳೂ ಮೂಟೆ ಕಟ್ಟಿಕೊಂಡು ಬರುತ್ತವೆ.

ಬಗ್‌ನಿಂದ ಯಾರಿಗಾದರೂ ಲಾಭ ಆಗಿದೆಯಾ?

ಎಚ್‌ಪಿ-41ಸಿ ಬಳಗಕ್ಕೆ ಆಗಿದೆ. 1979ರ ಮೊದಲ ಯಂತ್ರಗಳಲ್ಲಿ, ಮುಟ್ಟಬಾರದ ಮೆಮೊರಿಯೊಳಗೆ ಕೈ ಹಾಕಲು ಬಿಡುವ ದೋಷವಿತ್ತು. ಅದರೊಳಗೆ ನುಗ್ಗಿದವರು ಕೀಲಿಮಣೆಯಲ್ಲಿ ಇಲ್ಲದ ಆದೇಶಗಳನ್ನೇ ಸೃಷ್ಟಿಸಿದರು. ಸಿಂಥೆಟಿಕ್ ಪ್ರೋಗ್ರಾಮಿಂಗ್ ಅಂತ ಹೆಸರೂ ಬಂತು. ಆಮೇಲೆ ದೋಷ ಇರುವ ಯಂತ್ರವನ್ನೇ ಹುಡುಕಿಕೊಂಡು ಹೋಗುವವರು ಹುಟ್ಟಿಕೊಂಡರು. ಇದೇ 41ಸಿ 1981ರಲ್ಲಿ ಕೊಲಂಬಿಯಾ ನೌಕೆಯ ಮೊದಲ ಹಾರಾಟದಲ್ಲಿ ಬಾಹ್ಯಾಕಾಶಕ್ಕೂ ಹೋಗಿಬಂತು.

ಬಗ್ ಸಿಕ್ಕಿತು ಅನ್ನಿಸಿದರೆ ನಿಮಗೆ ಹೇಗೆ ಬರೆದು ಕಳಿಸಬೇಕು?

‘ಸರಿ ಬರ್ತಿಲ್ಲ, ನೋಡಿ’ ಅಂತ ಮಾತ್ರ ಕಳಿಸಬೇಡಿ. ಮಾಡೆಲ್, ಫರ್ಮ್‌ವೇರ್ (ಯಂತ್ರದೊಳಗಿನ ಪ್ರೋಗ್ರಾಂ) ಆವೃತ್ತಿ, ಕೋನದ ಮೋಡ್, ಡಿಸ್‌ಪ್ಲೇ ಎಷ್ಟು ಅಂಕೆಗೆ ಇಟ್ಟಿದೆ ಅನ್ನುವುದು ಬೇಕು. ಆಮೇಲೆ ಒತ್ತಿದ ಕೀಗಳು, ಮೊದಲಿನಿಂದ, ಒಂದೂ ಬಿಡದೆ. ನಿಮಗೆ ಬಂದ ಉತ್ತರ, ಬರಬೇಕಾಗಿದ್ದ ಉತ್ತರ, ಅದು ಎಲ್ಲಿಂದ ಸಿಕ್ಕಿತು. ಪ್ರೋಗ್ರಾಂ ಬೇರೆಡೆ ಬರೆದಿಟ್ಟುಕೊಂಡು, ಪೂರ್ತಿ ರೀಸೆಟ್ ಮಾಡಿ, ಹೊಸ ಬ್ಯಾಟರಿ ಹಾಕಿ ಇನ್ನೊಮ್ಮೆ ನೋಡಿ. ಬರೆದಿಟ್ಟುಕೊಳ್ಳದೆ ರೀಸೆಟ್ ಮಾಡಿ 41ಸಿಯ ‘ಮೆಮೊರಿ ಲಾಸ್ಟ್’ ಸಂದೇಶ ನೋಡಿ ಎದೆ ಒಡೆದುಕೊಂಡವರಲ್ಲಿ ನಾನೂ ಒಬ್ಬ.

ಈ ಕ್ಯಾಲ್ಕುಲೇಟರ್‌ಗಳನ್ನು ಶಾಲೆ-ಕಾಲೇಜಿನ ಪರೀಕ್ಷೆಗೆ ತೆಗೆದುಕೊಂಡು ಹೋಗಬಹುದಾ?

ಪ್ರೋಗ್ರಾಮೆಬಲ್ ಆದರೆ ಸಾಮಾನ್ಯವಾಗಿ ಬಿಡುವುದಿಲ್ಲ. ನಿಮ್ಮ ಪರೀಕ್ಷೆಯ ಸೂಚನೆ ಓದಿಕೊಳ್ಳಿ. ಎಂಜಿನಿಯರಿಂಗ್‌ನವರು ಬರೆಯುವ ಗೇಟ್ ಪರೀಕ್ಷೆಯಲ್ಲಂತೂ ಕ್ಯಾಲ್ಕುಲೇಟರ್ ಪರದೆಯ ಮೇಲೇ ಇರುತ್ತದೆ, ಮೌಸ್‌ನಲ್ಲಿ ಒತ್ತಬೇಕು. ಮೊದಲೇ ಅಭ್ಯಾಸ ಮಾಡಿಕೊಳ್ಳಿ.

ಬೆಂಗಳೂರಿನಲ್ಲಿ ಹಳೇ ಯಂತ್ರಗಳು ಎಲ್ಲಿ ಸಿಗುತ್ತವೆ? ಕೊಳ್ಳುವಾಗ ಏನು ನೋಡಬೇಕು?

ಎಸ್‌ಪಿ ರೋಡಿನಲ್ಲಿ ಸುತ್ತಾಡಿ, ಭಾನುವಾರ ಬೆಳಗ್ಗೆ ಸಂಡೆ ಬಜಾರ್‌ಗೆ ಹೋಗಿ. ಸಿಕ್ಕೇ ಸಿಗುತ್ತದೆ ಅಂತ ಅಲ್ಲ. ಹತ್ತು ವಾರ ಬರಿಗೈಯಲ್ಲಿ ಬಂದು ಹನ್ನೊಂದನೇ ವಾರ ಚಾರ್ಜರ್‌ಗಳ ರಾಶಿಯ ಅಡಿಯಲ್ಲಿ ಒಂದು ಕಾಣುತ್ತದೆ.

ಬ್ಯಾಟರಿ ಮುಚ್ಚಳ ತೆಗೆಸಿ ನೋಡಿ. ಹಸಿರು-ಬಿಳಿ ಪುಡಿ ಇದ್ದರೆ ಬ್ಯಾಟರಿ ಸೋರಿದೆ, ಬೆಲೆ ಇಳಿಸಿ ಇಲ್ಲವೇ ಬಿಟ್ಟುಬಿಡಿ. ಎಚ್‌ಪಿ-65, 67ರಂಥ ಮ್ಯಾಗ್ನೆಟಿಕ್ ಕಾರ್ಡ್ ಯಂತ್ರಗಳಲ್ಲಿ ಕಾರ್ಡ್ ಎಳೆಯುವ ರಬ್ಬರ್ ಚಕ್ರ ಕರಗಿ ಅಂಟಾಗಿರುತ್ತದೆ. ಅಂಥದ್ದರೊಳಗೆ ಕಾರ್ಡ್ ತೂರಿಸಬೇಡಿ, ಒಳಗೇ ಸಿಕ್ಕಿಹಾಕಿಕೊಳ್ಳುತ್ತದೆ. ಪ್ರತಿ ಬಟನನ್ನೂ ಒಮ್ಮೆ ಒತ್ತಿ, ಒಂದು ಸಲ ಒತ್ತಿದರೆ ಎರಡು ಸಲ ಬೀಳುತ್ತದಾ ನೋಡಿ. ಹಾಗೆ ಬೀಳುವ ಕೀ ಒಂದಿದ್ದರೂ ಮುಂದಿನ ನಿಮ್ಮ ಬಗ್ ರಿಪೋರ್ಟ್‌ಗಳೆಲ್ಲ ನೀರಲ್ಲಿ ಹೋಮ ಮಾಡಿದ ಹಾಗೆ.

ಅಂಗಡಿಯವರು ‘ಚೆಕ್ ಮಾಡ್ಕೊಳಿ ಸಾರ್’ ಅಂದಾಗ ನಾನು ಒತ್ತುವುದು 2.02, ಸಹಜ ಲಾಗ್, ಇ-ಘಾತ. ಎಚ್‌ಪಿ-35 ಸಿಗುವುದಿಲ್ಲ ಅಂತ ಗೊತ್ತು. ಆದರೂ ಒತ್ತುತ್ತೇನೆ.